ಒಂದು ಹೆಡರ್ ಬದಲಿಸಿದ ದಿನ

ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಚೆನ್ನಾಗಿ ಗೊತ್ತಿದ್ದರೆ ಅದರ ಕಟ್ಟುನಿಟ್ಟಿನ ರೂಪವಾದ ಎಕ್ಸ್‌ಎಚ್‌ಟಿಎಂಎಲ್‌ಗೆ ಬದಲಾಗಲು ಒಂದು ಮಧ್ಯಾಹ್ನ ಸಾಕು ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಪುಟದ ಭಾಗಗಳನ್ನು ಗುರುತಿಸುವ ಟ್ಯಾಗ್‌ಗಳನ್ನೆಲ್ಲ ಸಣ್ಣ ಅಕ್ಷರದಲ್ಲಿ ಬರೆಯಿರಿ, ತೆರೆದದ್ದನ್ನು ಮುಚ್ಚಿ, ಟ್ಯಾಗ್ ಒಳಗೆ ವಿವರ ಕೊಡುವ ಅಟ್ರಿಬ್ಯೂಟ್‌ಗಳ ವ್ಯಾಲ್ಯೂಗೆ ಕೋಟ್ಸ್ ಹಾಕಿ, ಸಾಲು ಮುರಿಯುವ ಬಿಆರ್, ಚಿತ್ರ ಹಾಕುವ ಐಎಂಜಿ ಥರದ ಖಾಲಿ ಟ್ಯಾಗ್‌ಗಳ ಕೊನೆಗೆ ಒಂದು ಸ್ಲ್ಯಾಶ್ ಇಡಿ, ಪುಟ ಯಾವ ಆವೃತ್ತಿಯ ಭಾಷೆಯಲ್ಲಿದೆ ಎಂದು ಹೇಳುವ ಹೊಸ ಡಾಕ್‌ಟೈಪ್ ಸಾಲನ್ನು ಮೇಲ್ಗಡೆ ಅಂಟಿಸಿ. ಮುಗಿಯಿತು. ನಾನೂ ಹಾಗೇ ಮಾಡಿದೆ. ಹಳೆಯ ಪುಟಗಳನ್ನು ಒಂದೊಂದಾಗಿ ತೆರೆದು, ತಿದ್ದಿ, ತಪ್ಪು ಹುಡುಕುವ ವ್ಯಾಲಿಡೇಟರ್‌ಗೆ ಕೊಟ್ಟೆ. ಹಸಿರು ಪಟ್ಟಿ ಕಂಡಾಗಲೆಲ್ಲ ಖುಷಿಯಾಗುತ್ತಿತ್ತು. ಎರಡು ವರ್ಷ ಕಳೆದ ಮೇಲೆ ಗೊತ್ತಾಯಿತು, ನನ್ನ ಪುಟಗಳು ಇದ್ದ ಜಾಗದಿಂದ ಒಂದು ಹೆಜ್ಜೆಯೂ ಕದಲಿರಲಿಲ್ಲ.

ಎಕ್ಸ್‌ಎಚ್‌ಟಿಎಂಎಲ್ ಯಾಕೆ ಬಂತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅದು ತಿಳಿಯದೆ ಬರೀ ನಿಯಮಗಳನ್ನು ಪಾಲಿಸಿದ್ದರಿಂದಲೇ ಅನುಭವಿಗಳು ಜಾಸ್ತಿ ಎಡವಿದ್ದು. ಎಚ್‌ಟಿಎಂಎಲ್ 4.01 ಶಿಫಾರಸಾಗಿ ಬಂದದ್ದು 1999ರ ಡಿಸೆಂಬರ್ ಕೊನೆಗೆ. ಒಂದು ತಿಂಗಳಾಗಿತ್ತೋ ಇಲ್ಲವೋ, 2000ದ ಜನವರಿ 26ಕ್ಕೆ, ವೆಬ್‌ನ ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ಡಬ್ಲ್ಯು3ಸಿ ಎಕ್ಸ್‌ಎಚ್‌ಟಿಎಂಎಲ್ 1.0 ಅನ್ನೂ ಹೊರತಂದಿತು. ಎರಡರಲ್ಲೂ ಇರುವ ಎಲಿಮೆಂಟ್‌ಗಳು (ಟ್ಯಾಗ್‌ಗಳಿಂದ ಗುರುತಿಸುವ ಭಾಗಗಳು) ಅವೇ, ಅವುಗಳ ಅರ್ಥವೂ ಅದೇ. ಸ್ಟ್ರಿಕ್ಟ್, ಟ್ರಾನ್ಸಿಷನಲ್, ಫ್ರೇಮ್‌ಸೆಟ್ ಎಂಬ ಮೂರು ಬಗೆಗಳೂ ಹಾಗೇ ಉಳಿದವು. ಬದಲಾದದ್ದು ಅಡಿಪಾಯ ಮಾತ್ರ. ಎಚ್‌ಟಿಎಂಎಲ್ ನಿಂತಿದ್ದು ಎಸ್‌ಜಿಎಂಎಲ್ ಎಂಬ, ಇಂಥ ಟ್ಯಾಗ್ ಭಾಷೆಗಳನ್ನು ರೂಪಿಸುವ ಹಳೆಯ, ದೊಡ್ಡ ವ್ಯವಸ್ಥೆಯ ಮೇಲೆ. ಎಕ್ಸ್‌ಎಚ್‌ಟಿಎಂಎಲ್ ನಿಂತದ್ದು 1998ರಲ್ಲಿ ಬಂದ, ಅದಕ್ಕಿಂತ ಸರಳವೂ ಕಟ್ಟುನಿಟ್ಟೂ ಆದ ಎಕ್ಸ್‌ಎಂಎಲ್ ಮೇಲೆ.

ಎಸ್‌ಜಿಎಂಎಲ್‌ನಲ್ಲಿ ಬರೆಯುವವರಿಗೆ ಅನುಕೂಲ ಜಾಸ್ತಿ. ಪ್ಯಾರಾ ಗುರುತಿಸುವ ಪಿ ಟ್ಯಾಗ್ ಮುಚ್ಚದಿದ್ದರೂ ನಡೆಯುತ್ತದೆ, ಪಟ್ಟಿಯ ಒಂದೊಂದು ಅಂಶದ ಎಲ್‌ಐ ಮುಚ್ಚದಿದ್ದರೂ ನಡೆಯುತ್ತದೆ, ಹೆಡ್ ಬಾಡಿ ಎಂದು ಬರೆಯದೇ ಬಿಟ್ಟರೂ ಸರಿಯೇ. ಆದರೆ ಅಂಥ ಪುಟವನ್ನು ಓದುವ ಪ್ರೋಗ್ರಾಮಿಗೆ ಮೊದಲೇ ಒಂದಷ್ಟು ತಿಳಿದಿರಬೇಕು. ಬಿಆರ್ ಒಳಗೆ ಏನೂ ಇರುವುದಿಲ್ಲ ಎಂದು ಗೊತ್ತಿರಬೇಕು. ಪಟ್ಟಿಯ ಯುಎಲ್ ಶುರುವಾದರೆ ಅದಕ್ಕೂ ಮುಂಚಿನ ಪಿ ಮುಗಿಯಿತು ಎಂದು ಗೊತ್ತಿರಬೇಕು. ಎಕ್ಸ್‌ಎಂಎಲ್ ಓದುವ ಪ್ರೋಗ್ರಾಮಿಗೆ, ಅಂದರೆ ಪಾರ್ಸರ್‌ಗೆ, ಇದ್ಯಾವುದೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಟ್ಯಾಗ್‌ನ ಹೆಸರು ಏನಾದರೂ ಇರಲಿ, ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು ಅನ್ನುವುದನ್ನಷ್ಟೇ ನೋಡಿ ಅದು ಒಂದರೊಳಗೊಂದು ಇರುವ ಭಾಗಗಳ ಮರ ಕಟ್ಟುತ್ತದೆ. ಬಿಆರ್ ಕೊನೆಯ ಆ ಸ್ಲ್ಯಾಶ್ ಇರುವುದು ಅದಕ್ಕೇ. ಇದರ ಒಳಗೆ ಏನೂ ಇಲ್ಲ, ಇಲ್ಲಿಗೇ ಮುಗಿಯಿತು ಎಂದು ಏನೂ ಗೊತ್ತಿಲ್ಲದ ಪಾರ್ಸರ್‌ಗೆ ಬಾಯಿಬಿಟ್ಟು ಹೇಳುವುದು. ನಾನು ಆ ಸ್ಲ್ಯಾಶ್ ಅನ್ನು ಎಷ್ಟೋ ಸಾವಿರ ಸಲ ಬರೆದಿದ್ದೆ, ಇಷ್ಟು ಸರಳ ಕಾರಣ ಒಮ್ಮೆಯೂ ಹೊಳೆದಿರಲಿಲ್ಲ.

ನನ್ನಂತೆ ವರ್ಷಗಟ್ಟಲೆ ಕೈಯಲ್ಲಿ ಪುಟ ಬರೆದವರು ಭಾಷೆಯನ್ನು ಕಲಿತದ್ದು ಬ್ರೌಸರ್ ನೋಡಿ. ಬರೆಯುವುದು, ರಿಫ್ರೆಶ್ ಮಾಡುವುದು, ಕಣ್ಣಿಗೆ ಸರಿ ಕಂಡರೆ ಮುಂದಕ್ಕೆ ಹೋಗುವುದು. ಬ್ರೌಸರ್ ನಮ್ಮ ತಪ್ಪುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಬಿ ಟ್ಯಾಗ್ ತೆರೆದು, ಅದರೊಳಗೆ ಐ ತೆರೆದು, ಮೊದಲು ಬಿ ಮುಚ್ಚಿ ಆಮೇಲೆ ಐ ಮುಚ್ಚಿದರೂ ಅಕ್ಷರಗಳು ದಪ್ಪಗೆ, ಓರೆಯಾಗಿ, ಬೇಕಾದ ಹಾಗೇ ಕಾಣುತ್ತಿದ್ದವು. ಹಾಗಾಗಿ ನಮ್ಮ ತಲೆಯಲ್ಲಿ ಟ್ಯಾಗ್ ಅಂದರೆ ಒಂದು ಸ್ವಿಚ್. ಇಲ್ಲಿ ಹಾಕು, ಅಲ್ಲಿ ಆರಿಸು. ಎಲಿಮೆಂಟ್ ಅಂದರೆ ಮರದ ಒಂದು ಕೊಂಬೆ, ಕೊಂಬೆಯ ಮೇಲೆ ಇನ್ನೊಂದು ಕೊಂಬೆ, ಎರಡು ಕೊಂಬೆಗಳು ಅರ್ಧರ್ಧ ಒಂದರೊಳಗೊಂದು ಹೊಕ್ಕಿರಲು ಸಾಧ್ಯವೇ ಇಲ್ಲ ಅನ್ನುವ ಚಿತ್ರ ಮನಸ್ಸಿನಲ್ಲಿ ಇರಲೇ ಇಲ್ಲ. ಹೊಸದಾಗಿ ಕಲಿಯುವವರಿಗೆ ಈ ತೊಂದರೆ ಇಲ್ಲ, ಅವರು ಮರದಿಂದಲೇ ಶುರು ಮಾಡಬಹುದು. ನಾವು ಪಳಗಿದ ಕೈಗಳ ಅಭ್ಯಾಸ ಬಿಡಿಸಬೇಕಿತ್ತು.

ಒಂದು ಉದಾಹರಣೆ ನನಗೆ ಇವತ್ತಿಗೂ ಇಷ್ಟ. ಒಂದು ಪಿ ತೆರೆಯಿರಿ, ಸ್ವಲ್ಪ ಬರೆಯಿರಿ, ಅದರೊಳಗೇ ಒಂದು ಯುಎಲ್ ಪಟ್ಟಿ ಇಡಿ, ಪಟ್ಟಿ ಮುಗಿಸಿ ಇನ್ನೊಂದು ಸಾಲು ಬರೆದು ಪಿ ಮುಚ್ಚಿ. ನೋಡಲು ತಪ್ಪೇ ಕಾಣುವುದಿಲ್ಲ, ಎಲ್ಲವೂ ಸರಿಯಾಗಿ ತೆರೆದು ಮುಚ್ಚಿದೆ. ಎಕ್ಸ್‌ಎಂಎಲ್ ಪಾರ್ಸರ್ ನೀವು ಬರೆದ ಹಾಗೇ ಓದುತ್ತದೆ, ಪಟ್ಟಿ ಪ್ಯಾರಾದ ಒಳಗೇ ಇರುತ್ತದೆ. ಎಚ್‌ಟಿಎಂಎಲ್ ಪಾರ್ಸರ್ ಯುಎಲ್ ಕಂಡ ಕೂಡಲೇ ಪ್ಯಾರಾವನ್ನು ಮುಗಿಸುತ್ತದೆ. ಪಟ್ಟಿ ಹೊರಗೆ ಬೀಳುತ್ತದೆ, ಕೊನೆಯ ಸಾಲು ಯಾವ ಪ್ಯಾರಾಕ್ಕೂ ಸೇರದೆ ಒಂಟಿಯಾಗಿ ನಿಲ್ಲುತ್ತದೆ, ಕೊನೆಗೆ ಉಳಿದ ಮುಚ್ಚುವ ಟ್ಯಾಗ್‌ನಿಂದ ಒಂದು ಖಾಲಿ ಪ್ಯಾರಾ ಹುಟ್ಟುತ್ತದೆ. ಒಂದೇ ಅಕ್ಷರಗಳಿಂದ ಎರಡು ಬೇರೆ ಬೇರೆ ಮರ. ಕೊನೆಯ ಸಾಲಿಗೆ ನಾನು ಕೊಟ್ಟ ಬಣ್ಣ ಯಾಕೆ ಬರುತ್ತಿಲ್ಲ ಎಂದು ಪುಟದ ಬಣ್ಣ, ಅಲಂಕಾರ ಹೇಳುವ ಸಿಎಸ್‌ಎಸ್ ಫೈಲಿನಲ್ಲಿ ಎರಡು ಸಂಜೆ ಹುಡುಕಿದ್ದೇನೆ. ತಪ್ಪು ಸಿಎಸ್‌ಎಸ್‌ನಲ್ಲಿ ಇರಲೇ ಇಲ್ಲ.

ಹಾಗಾದರೆ ಎಕ್ಸ್‌ಎಚ್‌ಟಿಎಂಎಲ್ ಡಾಕ್‌ಟೈಪ್ ಹಾಕಿದ ನನ್ನ ಪುಟವನ್ನು ಬ್ರೌಸರ್ ಯಾವ ಪಾರ್ಸರ್‌ನಿಂದ ಓದುತ್ತಿತ್ತು? ಇಡೀ ವಿಷಯ ನಿಂತಿರುವುದು ಈ ಪ್ರಶ್ನೆಯ ಮೇಲೆ, ಮತ್ತು ಇದನ್ನು ನಾವು ಕೇಳಿಕೊಳ್ಳಲೇ ಇಲ್ಲ. ಬ್ರೌಸರ್ ಪಾರ್ಸರ್ ಆರಿಸಿಕೊಳ್ಳುವುದು ಡಾಕ್‌ಟೈಪ್ ನೋಡಿ ಅಲ್ಲ. ಕಳಿಸುತ್ತಿರುವುದು ಯಾವ ಬಗೆಯದು ಎಂದು ಪುಟದ ಮುಂಚೆ ಸರ್ವರ್ ಕಳಿಸುವ ಕಂಟೆಂಟ್ ಟೈಪ್ ಹೆಡರ್ ನೋಡಿ. ಅಲ್ಲಿ ಟೆಕ್ಸ್ಟ್ ಸ್ಲ್ಯಾಶ್ ಎಚ್‌ಟಿಎಂಎಲ್ ಎಂದಿದ್ದರೆ ಹಳೆಯ ಪಾರ್ಸರೇ ಓದುತ್ತದೆ, ನೀವು ಮೇಲೆ ಏನೇ ಬರೆದಿರಿ. ಡಾಕ್‌ಟೈಪ್‌ನಿಂದ ತೀರ್ಮಾನವಾಗುವುದು ಹಳೆಯ ಬ್ರೌಸರ್‌ಗಳ ಹಾಗೆ ತೋರಿಸುವ ಕ್ವರ್ಕ್ಸ್ ಮೋಡ್ ಬೇಕೋ ನಿಯಮದ ಪ್ರಕಾರ ತೋರಿಸುವ ಸ್ಟ್ಯಾಂಡರ್ಡ್ಸ್ ಮೋಡ್ ಬೇಕೋ ಎಂಬುದಷ್ಟೇ. ನಾನು ಶ್ರಮಪಟ್ಟು ಇಟ್ಟ ಸ್ಲ್ಯಾಶ್‌ಗಳನ್ನೆಲ್ಲ ಆ ಪಾರ್ಸರ್ ಸುಮ್ನೆ ಬಿಟ್ಟು ಮುಂದೆ ಹೋಗುತ್ತಿತ್ತು. ನಿಜವಾದ ಎಕ್ಸ್‌ಎಚ್‌ಟಿಎಂಎಲ್ ಆಗಬೇಕಾದರೆ ಹೆಡರ್‌ನಲ್ಲಿ ಅಪ್ಲಿಕೇಶನ್ ಸ್ಲ್ಯಾಶ್ ಎಕ್ಸ್‌ಎಚ್‌ಟಿಎಂಎಲ್ ಪ್ಲಸ್ ಎಕ್ಸ್‌ಎಂಎಲ್ ಎಂದು ಹೋಗಬೇಕು. ಆ ಹೆಸರು 2002ರ ಜನವರಿಯಲ್ಲೇ ಅಧಿಕೃತವಾಗಿ ದಾಖಲಾಗಿತ್ತು.

ಹಳೆಯ ಹೆಡರ್‌ನಲ್ಲೇ ಕಳಿಸಲು ಅವಕಾಶ ಕೊಟ್ಟದ್ದು ಡಬ್ಲ್ಯು3ಸಿಯೇ. ಎಕ್ಸ್‌ಎಚ್‌ಟಿಎಂಎಲ್ 1.0ರ ಕೊನೆಯಲ್ಲಿರುವ ಅನುಬಂಧ ಸಿ ಹಳೆಯ ಬ್ರೌಸರ್‌ಗಳಿಗೂ ಅರ್ಥವಾಗುವ ಹಾಗೆ ಬರೆಯುವುದು ಹೇಗೆ ಎಂದು ಹೇಳುತ್ತದೆ. ಸ್ಲ್ಯಾಶ್‌ಗೆ ಮುಂಚೆ ನಾವೆಲ್ಲ ಬಿಡುತ್ತಿದ್ದ ಆ ಒಂದು ಜಾಗ ಬಂದದ್ದು ಅಲ್ಲಿಂದಲೇ. ಈ ಮಧ್ಯದ ದಾರಿಯಿಂದ ಹಾನಿಯೇ ಜಾಸ್ತಿ ಎಂದು ವೆಬ್ ಮಾನದಂಡಗಳ ಮೇಲೆ ಕೆಲಸ ಮಾಡುತ್ತಿದ್ದ ಇಯಾನ್ ಹಿಕ್ಸನ್ 2002ರಲ್ಲೇ ವಿವರವಾಗಿ ಬರೆದಿದ್ದರು. ಪರೀಕ್ಷಿಸುವುದು ಒಂದು ಪಾರ್ಸರ್‌ನಲ್ಲಿ, ನಂಬಿಕೊಂಡಿರುವುದು ಇನ್ನೊಂದನ್ನು, ಒಂದು ದಿನ ನಿಜವಾಗಿ ಬದಲಿಸಿದರೆ ಪುಟ ಮುರಿಯುತ್ತದೆ ಅನ್ನುವುದು ಅವರ ವಾದದ ಸಾರ. ನಾನು ಅದನ್ನು ಓದಿದ್ದು ತಡವಾಗಿ. ಓದಿದ ವಾರವೇ ನನ್ನ ಸೈಟಿನ ಹೆಡರ್ ಬದಲಿಸಿದೆ.

ಮೊದಲ ಪುಟ ತೆರೆಯಿತು, ಸರಿಯಾಗೇ ಇತ್ತು. ಎರಡನೆಯದು ತೆರೆದಾಗ ಹಳದಿ ತೆರೆ, ಕೆಂಪು ಅಕ್ಷರದಲ್ಲಿ ಪಾರ್ಸಿಂಗ್ ಎರರ್, ಸಾಲಿನ ಸಂಖ್ಯೆ, ಕೆಳಗೆ ತಪ್ಪಿರುವ ಜಾಗ ತೋರಿಸುವ ಬಾಣ. ಬರಹ ಪೂರ್ತಿ ಮಾಯ. ಓದುಗರೊಬ್ಬರು ಟಿಪ್ಪಣಿಯಲ್ಲಿ ಒಂದು ಲಿಂಕ್ ಕೊಟ್ಟಿದ್ದರು, ಆ ವಿಳಾಸದ ನಡುವೆ ಒಂದು ಆಂಪರ್ಸ್ಯಾಂಡ್ (&) ಚಿಹ್ನೆ ಇತ್ತು. ಎಕ್ಸ್‌ಎಂಎಲ್‌ನಲ್ಲಿ ಆ ಚಿಹ್ನೆ ಬಂದರೆ ಎಂಟಿಟಿ, ಅಂದರೆ ಒಂದು ಅಕ್ಷರದ ಬದಲು ಬರೆಯುವ ಸಂಕೇತ, ಶುರುವಾಯಿತು ಎಂದೇ ಅರ್ಥ, ಹಾಗಾಗಿ ವಿಳಾಸದ ಒಳಗೂ ಅದನ್ನು ಪೂರ್ತಿ ಎಂಟಿಟಿಯಾಗಿಯೇ ಬರೆಯಬೇಕು. ಎಚ್‌ಟಿಎಂಎಲ್‌ನಲ್ಲೂ ಹಾಗೇ ಬರೆಯಬೇಕಿತ್ತು, ಬರೆಯದಿದ್ದರೆ ಯಾರೂ ಕೇಳುತ್ತಿರಲಿಲ್ಲ ಅಷ್ಟೇ. ನಾನು ವ್ಯಾಲಿಡೇಟರ್‌ಗೆ ಕೊಟ್ಟಿದ್ದು ನಾನು ಬರೆದ ಪುಟವನ್ನು. ಅದಾದ ಮೇಲೆ ಬೇರೆಯವರು ಅದಕ್ಕೆ ಸೇರಿಸಿದ್ದನ್ನು ಮತ್ತೆ ಪರೀಕ್ಷಿಸಿರಲಿಲ್ಲ.

ಅದನ್ನು ಸರಿಮಾಡಿದೆ. ಪುಟ ಬಂತು, ಆದರೆ ಬೆತ್ತಲೆಯಾಗಿ ಬಂತು, ಒಂದು ಬಣ್ಣವೂ ಇಲ್ಲ. ಯಾಕೆಂದರೆ ಸ್ಟೈಲ್ ಟ್ಯಾಗ್ ಒಳಗೆ ಬರೆದಿದ್ದನ್ನೆಲ್ಲ ಎಚ್‌ಟಿಎಂಎಲ್ ಕಾಮೆಂಟ್ ಗುರುತುಗಳ (ಪುಟದಲ್ಲಿ ಕಾಣಬಾರದ ಮಾತಿಗೆ ಬಳಸುವವು) ನಡುವೆ ಇಟ್ಟಿದ್ದೆ. ಸ್ಟೈಲ್, ಸ್ಕ್ರಿಪ್ಟ್ ಅಂದರೆ ಏನೆಂದು ಗೊತ್ತಿಲ್ಲದ ತೀರಾ ಹಳೆಯ ಬ್ರೌಸರ್‌ಗಳಿಂದ ಕೋಡ್ ಮರೆಮಾಡಲು ಎಲ್ಲರೂ ಹಾಗೆ ಮಾಡುತ್ತಿದ್ದರು. ಎಕ್ಸ್‌ಎಂಎಲ್ ಪಾರ್ಸರ್‌ಗೆ ಕಾಮೆಂಟ್ ಅಂದರೆ ಕಾಮೆಂಟೇ, ಅದರೊಳಗೆ ಇರುವುದು ಸ್ಟೈಲ್ ಆಗುವುದಿಲ್ಲ. ಇದನ್ನು ವ್ಯಾಲಿಡೇಟರ್ ಹಿಡಿಯುವುದೂ ಇಲ್ಲ, ವ್ಯಾಕರಣದ ಪ್ರಕಾರ ಇದು ತಪ್ಪೇ ಅಲ್ಲವಲ್ಲ. ಸ್ಕ್ರಿಪ್ಟ್‌ಗಳ ಕಥೆಯೂ ಅದೇ. ಅವುಗಳಲ್ಲಿ ಇನ್ನೊಂದು ತೊಡಕು, ಎರಡು ಸಂಖ್ಯೆ ಹೋಲಿಸಲು ಬರೆಯುವ ಚಿಕ್ಕದು ಎಂಬ ಗುರುತನ್ನು ಪಾರ್ಸರ್ ಹೊಸ ಟ್ಯಾಗ್ ಎಂದು ತಿಳಿಯುತ್ತದೆ. ಒಳಗಿರುವುದನ್ನು ಬರೀ ಅಕ್ಷರವೆಂದು ಓದಿಸುವ ಸಿಡೇಟಾ ಸೆಕ್ಷನ್ ಒಳಗೆ ಕೋಡ್ ಇಡಬಹುದು, ಆ ಗುರುತುಗಳನ್ನು ಮತ್ತೆ ಸ್ಕ್ರಿಪ್ಟ್ ಕಾಮೆಂಟ್‌ನಲ್ಲಿ ಮುಚ್ಚಿದರೆ ಎರಡೂ ಪಾರ್ಸರ್‌ಗೆ ಸರಿಹೋಗುತ್ತದೆ. ನಾನು ಆ ಸರ್ಕಸ್ ಬಿಟ್ಟು ಎಲ್ಲವನ್ನೂ ಹೊರಗಿನ ಫೈಲ್‌ಗಳಿಗೆ ಹಾಕಿದೆ. ಮೊದಲೇ ಹಾಕಬೇಕಿತ್ತು.

ಆಮೇಲೆ ಬಂದವು ಸದ್ದಿಲ್ಲದ ತೊಂದರೆಗಳು. ಹಳದಿ ತೆರೆ ಪರವಾಗಿಲ್ಲ, ಅದು ಎಲ್ಲಿ ತಪ್ಪಿದೆ ಎಂದಾದರೂ ಹೇಳುತ್ತದೆ. ಇವು ಏನನ್ನೂ ಹೇಳುವುದಿಲ್ಲ. ಸ್ಕ್ರಿಪ್ಟ್‌ನಿಂದ ಪುಟದೊಳಗೆ ಬರೆಯುವ ಡಾಕ್ಯುಮೆಂಟ್ ರೈಟ್ ಆಜ್ಞೆ ಕೆಲಸ ಮಾಡುವುದಿಲ್ಲ, ಓದುತ್ತಿರುವಾಗಲೇ ನಡುವೆ ಅಕ್ಷರ ತುರುಕಲು ಎಕ್ಸ್‌ಎಂಎಲ್ ಪಾರ್ಸರ್ ಬಿಡುವುದಿಲ್ಲ. ಸ್ಕ್ರಿಪ್ಟ್‌ನಲ್ಲಿ ಟ್ಯಾಗ್‌ನ ಹೆಸರು ಕೇಳಿದರೆ ಎಚ್‌ಟಿಎಂಎಲ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಬರುತ್ತದೆ, ಇಲ್ಲಿ ಸಣ್ಣ ಅಕ್ಷರದಲ್ಲಿ. ದೊಡ್ಡ ಅಕ್ಷರಕ್ಕೆ ಹೋಲಿಸಿ ಬರೆದಿದ್ದ ನನ್ನ ಕೋಡ್ ಯಾವ ದೂರೂ ಹೇಳದೆ ಸುಮ್ಮನೆ ಕೂತಿತ್ತು. ಟೇಬಲ್ ಬರೆದರೆ ಅದರೊಳಗೆ ಸಾಲುಗಳನ್ನು ಸುತ್ತುವ ಟಿಬಾಡಿಯನ್ನು ಎಚ್‌ಟಿಎಂಎಲ್ ಪಾರ್ಸರ್ ತಾನೇ ಸೇರಿಸುತ್ತದೆ, ಎಕ್ಸ್‌ಎಂಎಲ್ ಪಾರ್ಸರ್ ಸೇರಿಸುವುದಿಲ್ಲ. ಟಿಬಾಡಿಯನ್ನು ನಂಬಿಕೊಂಡ ಸಿಎಸ್‌ಎಸ್ ಸಾಲುಗಳೆಲ್ಲ ಬಿದ್ದುಹೋದವು. ಬಾಡಿಗೆ ಕೊಟ್ಟ ಹಿನ್ನೆಲೆ ಬಣ್ಣ ಇಡೀ ಕಿಟಕಿಗೆ ಹರಡದೆ ಬಾಡಿ ಎಷ್ಟಿದೆಯೋ ಅಷ್ಟಕ್ಕೇ ನಿಂತಿತು, ಬಣ್ಣವನ್ನು ಮರದ ಬೇರಾದ ಎಚ್‌ಟಿಎಂಎಲ್ ಎಲಿಮೆಂಟ್‌ಗೆ ಕೊಡಬೇಕಾಯಿತು. ಎಂಟಿಟಿಗಳ ವಿಷಯದಲ್ಲಿ ಎಕ್ಸ್‌ಎಂಎಲ್‌ಗೆ ತಾನಾಗಿ ಗೊತ್ತಿರುವುದು ಐದೇ ಹೆಸರು. ಸಾಲು ಮುರಿಯದ ಖಾಲಿ ಜಾಗಕ್ಕೆ ಬರೆಯುವ ಎನ್‌ಬಿಎಸ್‌ಪಿ ಕೂಡ ಆ ಐದರಲ್ಲಿ ಇಲ್ಲ. ಭಾಷೆಯ ಹೆಸರು, ನಿಯಮಗಳನ್ನು ಪಟ್ಟಿಮಾಡುವ ಡಿಟಿಡಿ ಫೈಲನ್ನು ಓದದ ಸಾಧನಗಳಿಗೆ ಪುಟ ಕೊಟ್ಟರೆ ಅಲ್ಲೇ ನಿಲ್ಲುತ್ತದೆ, ಅದಕ್ಕೆ 160 ಎಂಬ ಸಂಖ್ಯೆಯಲ್ಲಿ ಬರೆಯುವುದು ಅಥವಾ ಫೈಲನ್ನು ಎಲ್ಲ ಲಿಪಿಗಳ ಅಕ್ಷರಗಳನ್ನೂ ಹಿಡಿಯುವ ಯುಟಿಎಫ್-8ನಲ್ಲಿ ಇಟ್ಟು ಅಕ್ಷರವನ್ನೇ ನೇರವಾಗಿ ಹಾಕುವುದು ಒಳ್ಳೆಯದು.

ಇದೆಲ್ಲ ಮುಗಿದು ಪುಟ ಚೆನ್ನಾಗಿ ಬಂತು ಅಂದುಕೊಳ್ಳಿ, ಇನ್ನೂ ಅರ್ಧ ದಾರಿ ಬಾಕಿ. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಆ ಹೊಸ ಕಂಟೆಂಟ್ ಟೈಪ್ ಗೊತ್ತಾದದ್ದು 9ನೇ ಆವೃತ್ತಿಯಲ್ಲಿ, 2011ಕ್ಕೆ. ಅಲ್ಲಿಯವರೆಗೆ ಆ ಹೆಡರ್ ಹೋದರೆ ಪುಟದ ಬದಲು ಡೌನ್‌ಲೋಡ್ ಮಾಡಲೇ ಎಂಬ ಪ್ರಶ್ನೆ ಬರುತ್ತಿತ್ತು. ಜಗತ್ತಿನ ಹೆಚ್ಚು ಜನ ಬಳಸುತ್ತಿದ್ದ ಬ್ರೌಸರ್ ಅದು. ಹಾಗಾಗಿ ತನಗೆ ಯಾವ ಟೈಪ್ ಗೊತ್ತು ಎಂದು ಬ್ರೌಸರ್ ಕಳಿಸುವ ಆಕ್ಸೆಪ್ಟ್ ಹೆಡರ್ ನೋಡಿ, ಗೊತ್ತಿದ್ದವರಿಗೆ ಹೊಸ ಟೈಪ್, ಉಳಿದವರಿಗೆ ಹಳೆಯ ಟೈಪ್ ಎಂದು ಸರ್ವರ್‌ನಲ್ಲೇ ಹಂಚಬೇಕಿತ್ತು. ಮೇಲ್ಗಡೆ ಇದು ಎಕ್ಸ್‌ಎಂಎಲ್ ಎಂದು ಹೇಳುವ ಡಿಕ್ಲರೇಶನ್ ಸಾಲು ಬರೆದರೆ ಎಕ್ಸ್‌ಪ್ಲೋರರ್‌ನ 6ನೇ ಆವೃತ್ತಿ ಡಾಕ್‌ಟೈಪ್ ಇದ್ದರೂ ಕ್ವರ್ಕ್ಸ್ ಮೋಡ್‌ಗೆ ಜಾರುತ್ತಿತ್ತು. ಸರ್ವರ್‌ನಲ್ಲಿ ಪುಟ ತಯಾರಿಸುವ ಪಿಎಚ್‌ಪಿ ಭಾಷೆಯಲ್ಲಿ ಶಾರ್ಟ್ ಟ್ಯಾಗ್ ಎಂಬ ಆಯ್ಕೆ ಆನ್ ಇದ್ದರೆ ಅದೇ ಡಿಕ್ಲರೇಶನ್ ಅನ್ನು ಪಿಎಚ್‌ಪಿ ತನ್ನ ಕೋಡ್ ಎಂದು ತಿಳಿದು ಎರರ್ ಕೊಡುತ್ತಿತ್ತು. ಒಂದೇ ಫೈಲ್ ಎರಡು ಪಾರ್ಸರ್‌ಗಳಲ್ಲೂ ಒಂದೇ ಅರ್ಥ ಕೊಡಬೇಕು. ಪುಟದ ಭಾಗಗಳನ್ನು ಗುಂಪು ಮಾಡುವ ಡಿವ್ ಟ್ಯಾಗ್ ಖಾಲಿ ಇದ್ದಾಗ ಅದನ್ನು ಸ್ಲ್ಯಾಶ್‌ನಿಂದ ಮುಗಿಸಿದರೆ ಎಕ್ಸ್‌ಎಂಎಲ್‌ಗೆ ಅದು ಮುಗಿದ ಡಿವ್, ಎಚ್‌ಟಿಎಂಎಲ್‌ಗೆ ಬರೀ ತೆರೆದ ಡಿವ್. ಸ್ಕ್ರಿಪ್ಟ್ ಟ್ಯಾಗ್‌ಗೆ ಹಾಗೆ ಮಾಡಿದರೆ ಉಳಿದ ಇಡೀ ಪುಟವನ್ನು ಎಚ್‌ಟಿಎಂಎಲ್ ಪಾರ್ಸರ್ ಸ್ಕ್ರಿಪ್ಟ್ ಎಂದೇ ನುಂಗುತ್ತದೆ, ತೆರೆ ಬಿಳಿಯಾಗಿ ಉಳಿಯುತ್ತದೆ. ಖಾಲಿ ಇರಲೇಬೇಕಾದ ಟ್ಯಾಗ್‌ಗಳಿಗೆ ಮಾತ್ರ ಸ್ಲ್ಯಾಶ್, ಸದ್ಯಕ್ಕೆ ಖಾಲಿ ಇರುವವಕ್ಕೆ ಮುಚ್ಚುವ ಟ್ಯಾಗ್. ಈ ಒಂದು ಮಾತು ಮೊದಲೇ ಗೊತ್ತಿದ್ದರೆ ಎಷ್ಟೋ ಜನರ ಎಷ್ಟೋ ರಾತ್ರಿ ಉಳಿಯುತ್ತಿತ್ತು.

ಒಂದು ತಪ್ಪಿಗೆ ಇಡೀ ಪುಟ ನಿಲ್ಲಿಸುವುದು ಸರಿಯಾ ಎಂಬ ವಾದ ಆಗ ಜೋರಾಗಿ ನಡೆಯುತ್ತಿತ್ತು. ನನ್ನ ಅಭಿಪ್ರಾಯ ಹೇಳುತ್ತೇನೆ. ನಾನು ಕೂತು ಬರೆದ ಪುಟಕ್ಕೆ ಆ ಕಟ್ಟುನಿಟ್ಟು ಬೇಕು. ತಪ್ಪು ನನ್ನದು, ನನ್ನೆದುರೇ ಸಿಕ್ಕಿಬೀಳಲಿ, ಕಂಪೈಲರ್ ಹಾಗೆ ತಾನೇ ಮಾಡುವುದು. ಆದರೆ ಪುಟ ಒಮ್ಮೆ ಹೊರಗೆ ಹೋದ ಮೇಲೆ ಹಳದಿ ತೆರೆ ನೋಡುವುದು ಓದುಗರು. ಅವರು ಏನು ತಪ್ಪು ಮಾಡಿದರು? ಅವರಿಗೆ ಆ ಸಾಲಿನ ಸಂಖ್ಯೆಯಿಂದ ಏನು ಪ್ರಯೋಜನ? ಬರಹ ಓದಲು ಬಂದವರಿಗೆ ಆಂಪರ್ಸ್ಯಾಂಡ್ ಪಾಠ ಮಾಡುವುದು ನ್ಯಾಯವಲ್ಲ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಹಾಗಂತ ನಾನು ಅವತ್ತೇ ಹಿಂದಕ್ಕೆ ಹೋಗಲಿಲ್ಲ. ಆ ಹಳದಿ ತೆರೆ ನನ್ನ ಕೆಲಸದ ರೀತಿಯ ಬಗ್ಗೆ ಒಂದು ನಿಜ ಹೇಳಿತ್ತು, ಅದನ್ನು ಬಿಡಲು ಮನಸ್ಸಾಗಲಿಲ್ಲ. ನನ್ನ ಪುಟಗಳು ಹುಟ್ಟುತ್ತಿದ್ದದ್ದು ಅಕ್ಷರಗಳ ತುಂಡುಗಳನ್ನು ಅಂಟಿಸಿ. ಪುಟದ ಮೇಲ್ಭಾಗದ ಹೆಡರ್ ಒಂದು ಫೈಲ್, ಅದರಲ್ಲಿ ಡಿವ್ ತೆರೆದಿರುತ್ತದೆ. ಫೂಟರ್ ಇನ್ನೊಂದು ಫೈಲ್, ಅದರಲ್ಲಿ ಆ ಡಿವ್ ಮುಚ್ಚಿರುತ್ತದೆ. ನಡುವೆ ಡೇಟಾಬೇಸ್‌ನಿಂದ ಬಂದದ್ದನ್ನು ಬಂದ ಹಾಗೇ ಸುರಿಯುವುದು. ಹೀಗೆ ಕಟ್ಟಿದ ಪುಟ ಸರಿಯಾಗಿ ಮುಚ್ಚಿಕೊಂಡರೆ ಅದು ಅದೃಷ್ಟ ಮಾತ್ರ. ಎಷ್ಟು ಜಾಗ್ರತೆಯಿಂದ ಅಂಟಿಸಿದರೂ ಒಂದು ದಿನ ಎಲ್ಲೋ ಒಂದು ಕಡೆ ತಪ್ಪುತ್ತದೆ, ಮತ್ತು ತಪ್ಪುವ ಆ ಜಾಗದಿಂದಲೇ ಬೇರೆಯವರ ಸ್ಕ್ರಿಪ್ಟ್ ನಮ್ಮ ಪುಟದೊಳಗೆ ನುಸುಳುವುದು. ಮೆತ್ತಗಿನ ಪಾರ್ಸರ್ ಇಷ್ಟು ವರ್ಷ ಇದನ್ನು ನನ್ನಿಂದ ಮರೆಮಾಡಿತ್ತು. ಪುಟವನ್ನು ಮೊದಲು ಮರವಾಗಿ ಕಟ್ಟಬೇಕು, ಟಿಪ್ಪಣಿಯಲ್ಲಿ ಬಂದದ್ದು ಆ ಮರದಲ್ಲಿ ಬರೀ ಅಕ್ಷರದ ಎಲೆಯಾಗಿ ಕೂರಬೇಕು, ಕೊನೆಯಲ್ಲಿ ಸೀರಿಯಲೈಸರ್ ಆ ಮರವನ್ನು ಅಕ್ಷರವಾಗಿ ಬರೆಯಬೇಕು. ಆಗ ಆಂಪರ್ಸ್ಯಾಂಡ್ ತಾನಾಗಿಯೇ ಸರಿಯಾದ ರೂಪಕ್ಕೆ ಬರುತ್ತದೆ, ಟ್ಯಾಗ್ ಮುಚ್ಚುವುದನ್ನು ಮರೆಯಲು ಅವಕಾಶವೇ ಇರುವುದಿಲ್ಲ. ನಾನು ಸೈಟಿನ ಹಿಂಬದಿಯ ಕೋಡನ್ನೆಲ್ಲ ಹೀಗೆ ತಿರುಗಿ ಬರೆದೆ. ಎರಡು ತಿಂಗಳು ಹಿಡಿಯಿತು. ಎಚ್‌ಟಿಎಂಎಲ್‌ನಿಂದ ಎಕ್ಸ್‌ಎಚ್‌ಟಿಎಂಎಲ್‌ಗೆ ಹೋಗುವುದು ಅಂದರೆ ನನ್ನ ಮಟ್ಟಿಗೆ ಈ ಎರಡು ತಿಂಗಳು.

ಹೊರಗೆ ಅಷ್ಟರಲ್ಲಿ ಗಾಳಿ ಬೇರೆ ಕಡೆ ತಿರುಗಿತ್ತು. 2002ರಿಂದ ತಯಾರಾಗುತ್ತಿದ್ದ ಎಕ್ಸ್‌ಎಚ್‌ಟಿಎಂಎಲ್ 2 ಹಿಂದಿನದಕ್ಕೆ ಹೊಂದಿಕೊಳ್ಳುವ ಗೋಜಿಗೇ ಹೋಗಿರಲಿಲ್ಲ. ಅದರಲ್ಲಿ ಚಂದದ ವಿಚಾರಗಳಿದ್ದವು, ಯಾವ ಎಲಿಮೆಂಟ್ ಬೇಕಾದರೂ ಲಿಂಕ್ ಆಗಬಹುದಿತ್ತು, ಆದರೆ ಇದ್ದ ಪುಟಗಳಿಂದ ಅಲ್ಲಿಗೆ ಹೋಗಲು ದಾರಿ ಇರಲಿಲ್ಲ. 2004ರ ಜೂನ್‌ನಲ್ಲಿ ಡಬ್ಲ್ಯು3ಸಿ ಸಭೆಯಲ್ಲಿ ಬ್ರೌಸರ್ ತಯಾರಕರಾದ ಮೊಜಿಲ್ಲ ಮತ್ತು ಒಪೇರಾ ಎಚ್‌ಟಿಎಂಎಲ್ ಅನ್ನೇ ಬೆಳೆಸೋಣ ಎಂದು ಮುಂದಿಟ್ಟ ಪ್ರಸ್ತಾಪಕ್ಕೆ ಬಹುಮತ ಸಿಗಲಿಲ್ಲ. ಅದೇ ತಿಂಗಳು ಎಚ್‌ಟಿಎಂಎಲ್ ಬೆಳೆಸಲು ಬ್ರೌಸರ್ ತಯಾರಕರ ಗುಂಪಾದ ವಾಟ್‌ಡಬ್ಲ್ಯುಜಿ ಹುಟ್ಟಿತು. ಎಲ್ಲರನ್ನೂ ಒಂದೇ ಸಲಕ್ಕೆ ಎಕ್ಸ್‌ಎಂಎಲ್‌ಗೆ ಕರೆದೊಯ್ಯುವ ಪ್ರಯತ್ನ ಫಲಿಸಲಿಲ್ಲ ಎಂದು 2006ರಲ್ಲಿ ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ ಅವರೇ ಒಪ್ಪಿಕೊಂಡರು. 2009ರಲ್ಲಿ ಎಕ್ಸ್‌ಎಚ್‌ಟಿಎಂಎಲ್ 2 ಕೆಲಸ ನಿಲ್ಲಿಸುವುದಾಗಿ ಘೋಷಣೆಯಾಯಿತು, 2014ರ ಅಕ್ಟೋಬರ್‌ನಲ್ಲಿ ಎಚ್‌ಟಿಎಂಎಲ್5 ಶಿಫಾರಸಾಗಿ ಬಂತು.

ಎಚ್‌ಟಿಎಂಎಲ್5 ಮಾಡಿದ ಒಂದು ಕೆಲಸಕ್ಕೆ ನಾನು ನಿಜಕ್ಕೂ ಕೃತಜ್ಞ. ತಪ್ಪು ಬರೆದ ಪುಟವನ್ನು ಹೇಗೆ ಓದಬೇಕು ಎಂದು ಅದು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟಿತು. ಬಿ ಮತ್ತು ಐ ಅಡ್ಡಾದಿಡ್ಡಿ ಮುಚ್ಚಿದರೆ ಯಾವ ಮರ ಹುಟ್ಟಬೇಕು ಎಂಬುದಕ್ಕೂ ಅಲ್ಲಿ ನಿಯಮವಿದೆ, ಎಲ್ಲ ಬ್ರೌಸರ್‌ಗಳೂ ಈಗ ಅದೇ ಮರ ಕಟ್ಟುತ್ತವೆ. ಎಕ್ಸ್‌ಎಚ್‌ಟಿಎಂಎಲ್ ಕೇಳಿದ್ದೂ ಅದನ್ನೇ ಅಲ್ವಾ, ಒಂದು ಪುಟಕ್ಕೆ ಒಂದೇ ಮರ ಇರಲಿ ಎಂದು. ಆ ಭಾರವನ್ನು ಅದು ಬರೆಯುವವರ ಮೇಲೆ ಹಾಕಿತ್ತು, ಎಚ್‌ಟಿಎಂಎಲ್5 ಪಾರ್ಸರ್ ಬರೆಯುವವರ ಮೇಲೆ ಹಾಕಿತು. ಪುಟ ಬರೆಯುವವರು ಕೋಟಿಗಟ್ಟಲೆ, ಪಾರ್ಸರ್ ಬರೆಯುವವರು ಬೆರಳೆಣಿಕೆಯಷ್ಟು ಜನ, ಹಾಗಾಗಿ ಇದೇ ಸರಿ.

ಈಗ ಯಾರಾದರೂ ಕೇಳಿದರೆ, ಜನರಿಗೆ ತೋರಿಸುವ ಪುಟ ಎಚ್‌ಟಿಎಂಎಲ್‌ನಲ್ಲೇ ಇರಲಿ ಎನ್ನುತ್ತೇನೆ. ಬಿಆರ್‌ಗೆ ಸ್ಲ್ಯಾಶ್ ಇಟ್ಟರೂ ತೊಂದರೆ ಇಲ್ಲ, ಬಿಟ್ಟರೂ ಇಲ್ಲ. ಆದರೆ ಒಂದೇ ಬರಹ ಹತ್ತು ಸಾಧನಗಳ ಮೂಲಕ ಹಾದುಹೋಗಬೇಕು, ಎಕ್ಸ್‌ಎಸ್‌ಎಲ್‌ಟಿ ಎಂಬ ಪರಿವರ್ತನೆಯ ಭಾಷೆಯಲ್ಲಿ ಬೇರೆ ರೂಪಕ್ಕೆ ಬರಬೇಕು, ಪುಸ್ತಕವಾಗಬೇಕು ಅಂದರೆ ಮೂಲವನ್ನು ಎಕ್ಸ್‌ಎಚ್‌ಟಿಎಂಎಲ್‌ನಲ್ಲಿ ಇಡಿ. ಇ-ಪುಸ್ತಕಗಳ ಈಪಬ್ ಮಾದರಿ ಇವತ್ತಿಗೂ ಒಳಗೆ ಎಕ್ಸ್‌ಎಚ್‌ಟಿಎಂಎಲ್ ಅನ್ನೇ ಕೇಳುತ್ತದೆ.

ಕಳೆದ ತಿಂಗಳು ನನ್ನ ಹಳೆಯ ಬರಹಗಳನ್ನೆಲ್ಲ ಸೇರಿಸಿ ಒಂದು ಈಪಬ್ ಮಾಡಿದೆ. ಆ ಕಾಲದ 140 ಫೈಲ್‌ಗಳನ್ನು ಇಂದಿನ ಪಾರ್ಸರ್‌ಗೆ ಒಂದೇ ಆಜ್ಞೆಯಲ್ಲಿ ಕೊಟ್ಟೆ. 137 ಸಲೀಸಾಗಿ ಹೋದವು. ನಿಂತ ಮೂರೂ ನಾನು ಹೆಡರ್ ಬದಲಿಸುವುದಕ್ಕೆ ಮುಂಚೆ ಬರೆದವು, ಮೂರರಲ್ಲೂ ವಿಳಾಸದ ನಡುವೆ ಅದೇ ಆಂಪರ್ಸ್ಯಾಂಡ್. ಸಾಲಿನ ಸಂಖ್ಯೆಯನ್ನು ಪಾರ್ಸರೇ ಕೊಟ್ಟಿತ್ತು, ತಿದ್ದಲು ಐದು ನಿಮಿಷ ಸಾಕಾಯಿತು.